ಬಿಸಿಯನ್ನ ಎಲ್ಲಿಗೆ ಕಳಿಸೋದು? ಕಂಪ್ಯೂಟರ್‌ಗೆ ನೀರು ಹರಿಸಿದವರ ಕಥೆ, ನಾರಾಯಣಗೂಡದಿಂದ

ಈ ಸಲದ ಮಾತಿನ ಬರಹರೂಪ ಇದು. ಮಾತಾಡುವಾಗ ಎರಡೆರಡು ಸಲ ಹೇಳಿದ್ದನ್ನ ಒಂದಕ್ಕೆ ಇಳಿಸಿದ್ದೀನಿ, ವಿಡಿಯೋದಲ್ಲಿ ಬಿಟ್ಟುಹೋದ ಲೆಕ್ಕಗಳನ್ನ ಸೇರಿಸಿದ್ದೀನಿ. ಉಳಿದದ್ದು ಹಾಗೇ ಇದೆ.

ಹೈದರಾಬಾದಿನಲ್ಲಿ ಇರೋರಿಗೆ ಹುಸೇನ್ ಸಾಗರ ಅಂದ್ರೆ ಬುದ್ಧನ ಪ್ರತಿಮೆ, ನೆಕ್ಲೆಸ್ ರೋಡ್, ಸಂಜೆ ಗಾಳಿ. ಅದೇ ಕೆರೆಯ ದಡದಲ್ಲಿ 1920ರಲ್ಲಿ ಒಂದು ಕಲ್ಲಿದ್ದಲಿನ ವಿದ್ಯುತ್ ಸ್ಥಾವರ ಶುರುವಾಗಿತ್ತು. ನಿಜಾಮರ ಕಾಲದ್ದು. ಬೆಳೆದು ಬೆಳೆದು ಅದರ ಸಾಮರ್ಥ್ಯ 22.5 ಮೆಗಾವ್ಯಾಟ್‌ವರೆಗೂ ಬಂತು. 1983ರಲ್ಲಿ ಮುಚ್ಚಿದರು, 1995ರಲ್ಲಿ ಕೆಡವಿಹಾಕಿದರು. ಈಗ ಅಲ್ಲಿ ಅದರ ಗುರುತೂ ಇಲ್ಲ.

ಇಂಥ ಸ್ಥಾವರಕ್ಕೆ ಕೆರೆ ದಡ ಯಾಕೆ ಬೇಕು? ಕಲ್ಲಿದ್ದಲು ಸುಟ್ಟು ಉಗಿ ಮಾಡ್ತಾರೆ, ಉಗಿ ಟರ್ಬೈನ್ ತಿರುಗಿಸುತ್ತೆ, ಅಲ್ಲಿವರೆಗೆ ಶಾಲೆಯಲ್ಲಿ ಓದಿದ್ದೀವಿ. ಟರ್ಬೈನ್‌ನಿಂದ ಹೊರಬಂದ ಉಗಿಯನ್ನ ಮತ್ತೆ ನೀರು ಮಾಡಬೇಕಲ್ಲ, ಆಗ ಅದರೊಳಗಿನ ಶಾಖ ಎಲ್ಲಿಗಾದರೂ ಹೋಗಲೇಬೇಕು. ಸುಟ್ಟ ಕಲ್ಲಿದ್ದಲಿನ ಶಾಖದಲ್ಲಿ ವಿದ್ಯುತ್ ಆಗೋದು ಚಿಕ್ಕ ಪಾಲು, ದೊಡ್ಡ ಪಾಲು ಹೀಗೆ ಹೊರಗೆ ಹೋಗೋದೇ. ಅದನ್ನ ಹೊರೋದಕ್ಕೆ ನೀರು ಬೇಕು, ಇಳಿಸೋದಕ್ಕೆ ಜಾಗ ಬೇಕು. ಅದಕ್ಕೇ ಉಷ್ಣ ಸ್ಥಾವರಗಳು ಕೆರೆ, ನದಿ, ಸಮುದ್ರ ಹುಡುಕಿಕೊಂಡು ಹೋಗೋದು.

ಹುಸೇನ್ ಸಾಗರದಿಂದ ನಮ್ಮ ನಾರಾಯಣಗೂಡ ಒಂದೆರಡು ಮೈಲಿ. ಇಲ್ಲಿ ಮೆಟ್ರೋ ಸ್ಟೇಷನ್ ಹಿಂದಿನ ಒಂದು ಗಲ್ಲಿಯಲ್ಲಿ, ಮೂರನೇ ಮಹಡಿಯ ಬಾಡಿಗೆ ಮನೆಯ ಹಾಲ್‌ನಲ್ಲಿ ನಾನೂ ಒಂದು ಪುಟ್ಟ ಸ್ಥಾವರ ಇಟ್ಟುಕೊಂಡಿದ್ದೀನಿ. ಅದು ವಿದ್ಯುತ್ ತಿನ್ನುತ್ತೆ, ತಿಂದದ್ದನ್ನೆಲ್ಲ ಶಾಖ ಮಾಡುತ್ತೆ. ಹದಿನಾರು ಕೋರ್‌ನ ಪ್ರೊಸೆಸರ್, ಪೂರ್ತಿ ಓಡಿದರೆ 450 ವ್ಯಾಟ್ ಎಳೆಯೋ ಗ್ರಾಫಿಕ್ಸ್ ಕಾರ್ಡ್. ಈ ಚಾನೆಲ್‌ನ ಎಡಿಟಿಂಗ್, ರೆಂಡರಿಂಗ್, ಜೊತೆಗೆ ಕನ್ನಡ ಧ್ವನಿಯನ್ನ ಅಕ್ಷರ ಮಾಡೋ ಮಾಡೆಲ್‌ಗಳನ್ನ ಮನೆಯಲ್ಲೇ ಓಡಿಸೋದು, ಎಲ್ಲ ಇದರಲ್ಲೇ. ಎಲ್ಲವೂ ರಾತ್ರಿ. ಯಾಕಂದ್ರೆ ಹಗಲು ಆಫೀಸು, ಮತ್ತೆ ಹಗಲು ನಾರಾಯಣಗೂಡ ಫ್ಲೈಓವರ್‌ನ ಹಾರ್ನ್ ಸದ್ದಿನಲ್ಲಿ ಮೈಕ್ ಆನ್ ಮಾಡೋ ಹಾಗೇ ಇಲ್ಲ.

ಹೋದ ವರ್ಷ ಅಪ್ಪ ವಿಜಯಪುರದಿಂದ ಬಂದು ನಮ್ಮ ಜೊತೆ ಇದ್ದಾರೆ. ಹೃದಯದ ಆಪರೇಷನ್ ಆಗಿದೆ. ಎರಡು ಕೋಣೆ ಮನೆ, ಅವರ ಮಂಚ ಹಾಲ್‌ನಲ್ಲೇ, ಕಂಪ್ಯೂಟರ್‌ನಿಂದ ಏಳೆಂಟು ಅಡಿ. ರೆಂಡರ್ ಶುರುವಾದರೆ ಗ್ರಾಫಿಕ್ಸ್ ಕಾರ್ಡಿನ ಮೂರು ಫ್ಯಾನ್ ಒಟ್ಟಿಗೆ ಏಳ್ತವೆ. ಅದು ಒಂದೇ ಸಮ ಇರೋ ಸದ್ದಾದರೆ ಮನುಷ್ಯ ಹೇಗೋ ಒಗ್ಗಿಕೊಳ್ತಾನೆ. ಇದು ಏರುತ್ತೆ, ಇಳಿಯುತ್ತೆ, ಮತ್ತೆ ಏರುತ್ತೆ. ಅಪ್ಪ ಒಂದು ದಿನವೂ ದೂರಿಲ್ಲ. ಆದರೆ ರಾತ್ರಿ ಎರಡು ಗಂಟೆಗೆ ಅವರು ಎದ್ದು ಕೂತಿರೋದನ್ನ ನಾನೇ ನೋಡಿದ್ದೀನಿ. ಡಾಕ್ಟರು ಎಲ್ಲಕ್ಕಿಂತ ಮೊದಲು ಹೇಳಿದ್ದು ನಿದ್ದೆ. ಹಾಗಾಗಿ ಈ ಕಸ್ಟಮ್ ವಾಟರ್ ಕೂಲಿಂಗ್ ಯೋಚನೆ ನನಗೆ ಬಂದದ್ದು ಬಣ್ಣದ ಲೈಟಿನ ಆಸೆಯಿಂದ ಅಲ್ಲ. ಚೆಂದ ಕಾಣಲಿ ಅನ್ನೋ ಆಸೆ ಆಮೇಲೆ ಸೇರಿಕೊಂಡಿತು, ಸುಳ್ಳು ಯಾಕೆ ಹೇಳಲಿ.

ಅಪ್ಪ ನಿವೃತ್ತರಾದದ್ದು ನೀರು ಸರಬರಾಜಿನ ಕೆಲಸದಿಂದ. ಪೈಪು, ವಾಲ್ವು, ಪಂಪ್‌ಹೌಸ್, ಮೂವತ್ತು ವರ್ಷ ಅದೇ. ಕಂಪ್ಯೂಟರ್ ಒಳಗೆ ನೀರು ಹರಿಸ್ತೀನಿ ಅಂದಾಗ ಅವರು ಬೆಚ್ಚಲಿಲ್ಲ. ಕೇಳಿದ್ದು ಒಂದೇ ಮಾತು: "ತಮ್ಮಾ, ನೀರು ಬರೂ ದಾರಿ ಆಮ್ಯಾಲ ನೋಡೂಣು. ಬಿಸಿ ಎಲ್ಲಿಗಿ ಹೊಂಟೈತಿ, ಮೊದಲ ಅದನ್ನ ಹೇಳು."

ಈ ಪ್ರಶ್ನೆ ಇಟ್ಟುಕೊಂಡು ಹಿಂದಕ್ಕೆ ಹೋಗೋಣ. ನಮ್ಮೂರಿನಿಂದಲೇ ಶುರು ಮಾಡ್ತೀನಿ.

ವಿಜಯಪುರದ ಪೂರ್ವಕ್ಕೆ ಕುಮಟಗಿ ಅಂತ ಊರಿದೆ. ಆದಿಲ್‌ಶಾಹಿಗಳ ಬೇಸಿಗೆ ವಿಹಾರದ ಜಾಗ. ಕೊಳದ ನಡುವೆ ಮಂಟಪ, ಮಂಟಪದ ಚಾವಣಿಯಲ್ಲಿ ನೀರು ಚಿಮ್ಮೋ ರಂಧ್ರಗಳು. ಎತ್ತರದಲ್ಲಿ ನೀರು ತುಂಬಿಸಿ, ಕೊಳವೆಯಲ್ಲಿ ಇಳಿಸಿ, ಒತ್ತಡದಿಂದಲೇ ಮೇಲಿನಿಂದ ಮಳೆ ಬೀಳೋ ಹಾಗೆ ಮಾಡಿದ್ದರು. ಬಿಸಿಲುನಾಡಿನಲ್ಲಿ ನೀರು ಹೀಗೆ ಹನಿಹನಿಯಾಗಿ ಬಿದ್ದಾಗ ಒಂದಿಷ್ಟು ಆವಿಯಾಗುತ್ತೆ, ಆವಿಯಾಗುವಾಗ ಸುತ್ತಲಿನ ಶಾಖವನ್ನ ಎಳೆದುಕೊಳ್ಳುತ್ತೆ. ಹೈದರಾಬಾದಿನ ಪ್ರತಿ ಬಾಲ್ಕನಿಯಲ್ಲಿ ಗುಡುಗುಡು ಅನ್ನೋ ಕೂಲರ್ ಮಾಡೋದೂ ಅದೇ ಕೆಲಸ.

ಆದರೆ ನನ್ನ ವಿಷಯಕ್ಕೆ ಕುಮಟಗಿಗಿಂತ ಹತ್ತಿರದ್ದು ವಿಜಯಪುರ ನಗರದ ಗಂಜ್‌ಗಳು. ಊರಿಗೆ ತೊರವಿ ಕಡೆಯಿಂದ, ಬೇಗಂ ತಲಾಬ್‌ನಿಂದ ನೀರು ಬರ್ತಿತ್ತು. ಬೇಗಂ ತಲಾಬ್ ಮುಹಮ್ಮದ್ ಆದಿಲ್ ಶಾಹನ ಕಾಲದ್ದು, 1651. ಸುಟ್ಟ ಮಣ್ಣಿನ ಕೊಳವೆ, ಸುತ್ತ ಗಾರೆಯ ಹೊದಿಕೆ, ನೆಲದೊಳಗೆ ದಾರಿ. ದಾರಿ ನಡುನಡುವೆ ಕಲ್ಲಿನ ಗೋಪುರಗಳು, ಅವೇ ಗಂಜ್. ಚಿಕ್ಕವನಿದ್ದಾಗ ಅವನ್ನ ಕಾವಲು ಗೋಪುರ ಅಂದುಕೊಂಡಿದ್ದೆ. ಅಪ್ಪ ಬಿಡಿಸಿ ಹೇಳಿದರು: ನೀರು ಗಂಜ್‌ನೊಳಗೆ ಮೇಲೇರುತ್ತೆ, ಅಲ್ಲಿ ಒತ್ತಡ ಸಡಿಲಾಗುತ್ತೆ, ಇಲ್ಲಾಂದ್ರೆ ಮಣ್ಣಿನ ಕೊಳವೆ ಒಡೆದುಹೋಗುತ್ತೆ. ಕೊಳವೆಯಲ್ಲಿ ಸಿಕ್ಕ ಗಾಳಿ ಮೇಲಿನಿಂದ ಹೊರಗೆ ಹೋಗುತ್ತೆ, ಮಣ್ಣು, ಹೂಳು ಕೆಳಗೆ ಕೂರುತ್ತೆ. ಒಂದು ಗೋಪುರಕ್ಕೆ ಮೂರು ಕೆಲಸ.

ಕಸ್ಟಮ್ ಲೂಪ್ ಅಂತ ನಾವು ಕರೆಯೋದರಲ್ಲಿ ರಿಸರ್ವಾಯರ್ ಅಂತ ಒಂದು ಗಾಜಿನ ಕೊಳವೆ ಇರುತ್ತಲ್ಲ, ಬಹಳ ಜನ ಅದನ್ನ ಶೋಕಿಗೆ ಇಡೋದು ಅಂದುಕೊಳ್ತಾರೆ. ಅದು ಗಂಜ್. ಗಾಳಿ ಬೇರೆಯಾಗೋ ಜಾಗ, ನೀರು ಬಿಸಿಯಾಗಿ ಹಿಗ್ಗಿದಾಗ ಅದಕ್ಕೆ ಸ್ಥಳ ಕೊಡೋ ಜಾಗ, ನೀರಿನ ಮಟ್ಟ ಕಡಿಮೆಯಾಗಿದೆಯಾ ಅಂತ ಕಣ್ಣಿಗೆ ತೋರಿಸೋ ಜಾಗ. ಪಂಪ್‌ನೊಳಗೆ ಗಾಳಿ ಹೋದರೆ ಅದು ಗರಗರ ಅನ್ನುತ್ತೆ, ಆಮೇಲೆ ಹಾಳಾಗುತ್ತೆ. ನೀರು ಬಿಡೋ ಕೆಲಸ ಮಾಡಿದವರಿಗೆ ಈ ಸದ್ದು ದೂರದಿಂದಲೇ ಗೊತ್ತು.

ಈಗ ಕಂಪ್ಯೂಟರ್‌ಗೆ ಬರೋಣ. ಹೈದರಾಬಾದಿಗೂ ಕಂಪ್ಯೂಟರ್‌ಗೂ ನಂಟು ಸೈಬರ್ ಟವರ್ಸ್‌ನಿಂದ, ಅಂದ್ರೆ 1998ರಿಂದ ಶುರುವಾಯ್ತು ಅಂತ ನಮ್ಮಲ್ಲಿ ಬಹಳ ಜನರ ಲೆಕ್ಕ. ಅದಕ್ಕೆ ಮೂವತ್ತು ವರ್ಷ ಮೊದಲೇ, 1967ರಲ್ಲಿ ಇಲ್ಲಿ ಇಸಿಐಎಲ್ ಹುಟ್ಟಿತ್ತು. ಎ. ಎಸ್. ರಾವ್ ಅದರ ಮುಖ್ಯಸ್ಥರು, ಅವರ ಹೆಸರಿನ ಬಡಾವಣೆಯಲ್ಲೇ ನಮ್ಮ ಎಷ್ಟೋ ಕನ್ನಡದವರು ಮನೆ ಮಾಡಿದ್ದಾರೆ. 1969ರಲ್ಲಿ ಇಸಿಐಎಲ್‌ನ ಟಿಡಿಸಿ-12 ಬಂತು. ಆ ಕಾಲದಲ್ಲಿ ಕಂಪ್ಯೂಟರ್ ಕೋಣೆ ಅಂದ್ರೆ ಎಸಿ ಕೋಣೆ. ಮನುಷ್ಯರಿಗೆ ಫ್ಯಾನು, ಯಂತ್ರಕ್ಕೆ ಎಸಿ. ಕೋಣೆ ಪೂರ್ತಿ ತಣ್ಣಗೆ ಮಾಡಿ, ಆ ಗಾಳಿಯನ್ನ ಯಂತ್ರದ ಮೂಲಕ ದಬ್ಬೋದು. ಇವತ್ತೂ ಬಹುಪಾಲು ಸರ್ವರ್ ರೂಮ್‌ಗಳು ಮಾಡೋದು ಅದನ್ನೇ. ಒಳಗೆ ಹೋದವರಿಗೆ ಆ ಸದ್ದು ಗೊತ್ತು.

ಆದರೆ ಅಮೆರಿಕದಲ್ಲಿ 1960ರ ದಶಕದಲ್ಲೇ ಗಾಳಿ ಸಾಲದೆ ಬಂದಿತ್ತು. ಐಬಿಎಂನ ಸಿಸ್ಟಮ್/360 ಸರಣಿಯ ಮಾಡೆಲ್ 91 ಅನ್ನೋ ದೊಡ್ಡ ಯಂತ್ರಕ್ಕೆ ನೀರು ಹರಿಸಿದರು. ಕಾರಣ ಸರಳ. ಒಂದೇ ಅಳತೆಯ ಗಾಳಿ ಮತ್ತು ನೀರು ತಗೊಂಡು ಒಂದು ಡಿಗ್ರಿ ಬಿಸಿ ಮಾಡಿದರೆ, ನೀರು ಹೊರೋ ಶಾಖ ಗಾಳಿಗಿಂತ ಮೂರು ಸಾವಿರ ಪಟ್ಟಿಗೂ ಹೆಚ್ಚು. ಕೋಣೆಯಷ್ಟು ಗಾಳಿ ಮಾಡೋ ಕೆಲಸವನ್ನ ಒಂದು ಬಿಂದಿಗೆ ನೀರು ಮಾಡುತ್ತೆ.

ಐಬಿಎಂನ ಈ ವಿದ್ಯೆ ತುದಿ ಮುಟ್ಟಿದ್ದು 1980ರಲ್ಲಿ, 3081 ಯಂತ್ರದಲ್ಲಿ. ಅದರ ಒಳಗಿನ ಒಂದು ಮಾಡ್ಯೂಲ್ ಬಗ್ಗೆ ಓದಿದಾಗ ನಾನು ರಾತ್ರಿ ಊಟ ಮರೆತಿದ್ದೆ. ಪಿಂಗಾಣಿಯಂಥ ಸೆರಾಮಿಕ್ ತಟ್ಟೆಯ ಮೇಲೆ ನೂರಕ್ಕೂ ಹೆಚ್ಚು ಚಿಪ್ಪು, ಪ್ರತಿ ಚಿಪ್ಪಿನ ಬೆನ್ನಿಗೆ ಸ್ಪ್ರಿಂಗ್‌ನಿಂದ ಒತ್ತಿಕೊಂಡ ಒಂದೊಂದು ಪಿಸ್ಟನ್, ಸಂದುಗಳಲ್ಲಿ ಹೀಲಿಯಂ ಅನಿಲ, ಮೇಲೆ ನೀರು ಹರಿಯೋ ಲೋಹದ ಮುಚ್ಚಳ. ಚಿಪ್ಪಿನಿಂದ ಪಿಸ್ಟನ್‌ಗೆ, ಪಿಸ್ಟನ್‌ನಿಂದ ಮುಚ್ಚಳಕ್ಕೆ, ಮುಚ್ಚಳದಿಂದ ನೀರಿಗೆ. ಇವತ್ತು ನಾವು ಕೊಳ್ಳೋ ವಾಟರ್ ಬ್ಲಾಕ್‌ನ ಅಜ್ಜ ಇದು. ಹೀಲಿಯಂ ಜಾಗದಲ್ಲಿ ಈಗ ಥರ್ಮಲ್ ಪೇಸ್ಟ್ ಇದೆ, ಅಷ್ಟೇ.

ಇದೇ ಕಾಲದ ಇನ್ನೊಬ್ಬ ಸೇಮೂರ್ ಕ್ರೇ. ಅವನ ಕ್ರೇ-1 ಯಂತ್ರ 1976ರಲ್ಲಿ ಲಾಸ್ ಅಲಾಮೋಸ್ ಪ್ರಯೋಗಾಲಯಕ್ಕೆ ಹೋಯ್ತು. ಅದರಲ್ಲಿ ಹರಿದದ್ದು ನೀರಲ್ಲ, ಫ್ರಿಜ್‌ನ ಫ್ರಿಯಾನ್. ನೂರು ಕಿಲೋವ್ಯಾಟ್‌ಗೂ ಹೆಚ್ಚು ಶಾಖ. ಕಟ್ಟುವಾಗ ಮೊದಲು ಸೋರಿತು. ಫ್ರಿಯಾನ್ ಜೊತೆ ಎಣ್ಣೆ ಹೊರಗೆ ಬಂದು ಬೋರ್ಡುಗಳ ಮೇಲೆ ಕೂತು ಶಾರ್ಟ್ ಆಯ್ತು. ಬೆಸುಗೆ ಹಾಕೋ ಹೊಸ ವಿಧಾನವನ್ನೇ ಹುಡುಕಬೇಕಾಯ್ತು. ವೇಗದ ಯಂತ್ರದ ಇತಿಹಾಸದಲ್ಲಿ ವೆಲ್ಡರ್‌ನ ಹೆಸರು ಯಾರೂ ಬರೆಯಲ್ಲ, ಬರೆಯಬೇಕಿತ್ತು.

ಚೆಂದದ ಮಾತೂ ಕ್ರೇಯಿಂದಲೇ ಬರುತ್ತೆ. ಕ್ರೇ-1 ಚಿತ್ರ ನೋಡಿರ್ತೀರಿ, ಅರ್ಧಚಂದ್ರದ ಗೋಪುರ, ಸುತ್ತ ಮೆತ್ತನೆ ಸೋಫಾ. ಗೋಪುರ ದುಂಡಗಿರೋದು ಒಳಗಿನ ತಂತಿಗಳು ಗಿಡ್ಡ ಆಗಲಿ ಅಂತ. ಸೋಫಾದ ಕೆಳಗೆ ಇರೋದು ಪವರ್ ಸಪ್ಲೈ. 1985ರ ಕ್ರೇ-2ರಲ್ಲಿ ಇನ್ನೂ ಮುಂದೆ ಹೋದ. ಇಡೀ ಸರ್ಕ್ಯೂಟನ್ನೇ ಫ್ಲೋರಿನರ್ಟ್ ಅನ್ನೋ, ವಿದ್ಯುತ್ ಹರಿಯದ ದ್ರವದಲ್ಲಿ ಮುಳುಗಿಸಿಬಿಟ್ಟ. ಆ ದ್ರವ ಪಾರದರ್ಶಕ ಗೋಪುರದೊಳಗೆ ಜಲಪಾತದ ಹಾಗೆ ಇಳಿಯೋದು ಹೊರಗಿನವರಿಗೆ ಕಾಣ್ತಿತ್ತು. ಅದಕ್ಕೆ ಬಬಲ್ಸ್ ಅಂತ ಅಡ್ಡಹೆಸರು. ಇವತ್ತಿನ ಹುಡುಗರ ಗಾಜಿನ ಕ್ಯಾಬಿನೆಟ್, ಗಾಜಿನ ರಿಸರ್ವಾಯರ್ ಎಲ್ಲದಕ್ಕೂ ಮೂಲಪುರುಷ ಅದು. ಒಂದು ವ್ಯತ್ಯಾಸ, ಕ್ರೇ ತೋರಿಸಿದ್ದು ಕೆಲಸ ಮಾಡ್ತಿದ್ದ ಭಾಗವನ್ನ. ನಮ್ಮ ಅಂಗಡಿಗಳಲ್ಲಿ ಮಾರೋದು ಬಹುತೇಕ ಲೈಟು.

1990ರ ದಶಕದಲ್ಲಿ ಕಥೆ ತಿರುಗಿತು. ಚಿಪ್ಪು ಮಾಡೋ ವಿಧಾನವೇ ಬದಲಾಗಿ ಸಿಮಾಸ್ ಬಂತು, ಶಾಖ ಒಮ್ಮೆಗೇ ಇಳಿಯಿತು, ಐಬಿಎಂನ ದೊಡ್ಡ ಯಂತ್ರಗಳೂ ಗಾಳಿಗೆ ವಾಪಸ್ ಬಂದವು. ನೀರಿನ ಪೈಪ್ ಕಿತ್ತುಹಾಕಿದರು. ಸರಿಯಾಗಿ ಅದೇ ದಶಕದ ಕೊನೆಯಲ್ಲಿ ನೀರು ಮನೆಗೆ ಬಂತು. 1998ರ ಇಂಟೆಲ್ ಸೆಲೆರಾನ್ 300ಎ ನೆನಪಿದೆಯಾ? 300 ಮೆಗಾಹರ್ಟ್ಸ್ ಚಿಪ್ಪು, ಸಲೀಸಾಗಿ 450ರಲ್ಲಿ ಓಡ್ತಿತ್ತು. ಇಂಥದ್ದನ್ನ ಇನ್ನೂ ಮೇಲಕ್ಕೆ ತಳ್ಳೋ ಹುಚ್ಚಿನ ಹುಡುಗರಿಗೆ ಅಂಗಡಿಯಲ್ಲಿ ಏನೂ ಸಿಗ್ತಿರಲಿಲ್ಲ. ಗುಜರಿಯ ಕಾರಿನಿಂದ ಹೀಟರ್ ಕೋರ್ ಬಿಚ್ಚಿ ರೇಡಿಯೇಟರ್ ಮಾಡಿಕೊಂಡರು, ಮೀನಿನ ತೊಟ್ಟಿಯ ಪಂಪ್ ತಂದರು, ತಾಮ್ರದ ಗಟ್ಟಿಗೆ ಮನೆಯಲ್ಲೇ ತೂತು ಕೊರೆದು ವಾಟರ್ ಬ್ಲಾಕ್ ಮಾಡಿದರು. ಅವರಿಗೆ ಬೇಕಾದದ್ದು ವೇಗ. ಮೌನಕ್ಕಾಗಿ ನೀರು ಅನ್ನೋ ದಾರಿಯನ್ನ ಹೆಚ್ಚು ಗಟ್ಟಿ ಮಾಡಿದ್ದು ಜರ್ಮನಿಯ ಚಿಕ್ಕ ಚಿಕ್ಕ ಕಂಪನಿಗಳು, ಆಕ್ವಾ ಕಂಪ್ಯೂಟರ್, ಆಲ್ಫಾಕೂಲ್ ಇತ್ಯಾದಿ. ಇವತ್ತು ಎಲ್ಲರೂ ಬಳಸೋ ಡಿ5 ಪಂಪ್ ಕೂಡ ಜರ್ಮನಿಯ ಲೈಂಗ್ ಮನೆತನದ್ದು.

2004 ಒಂದು ವಿಶೇಷ ವರ್ಷ. ಆ ಮೇ ತಿಂಗಳಲ್ಲಿ ಇಂಟೆಲ್ ತನ್ನ ಟೆಜಾಸ್ ಅನ್ನೋ ಚಿಪ್ಪಿನ ಯೋಜನೆ ಕೈಬಿಟ್ಟಿತು, ವೇಗ ಏರಿಸ್ತಾ ಹೋದರೆ ಶಾಖ ತಡೆಯೋಕಾಗಲ್ಲ ಅನ್ನೋದು ಸ್ಪಷ್ಟವಾಗಿತ್ತು. ಜೂನ್‌ನಲ್ಲಿ ಆಪಲ್ ತನ್ನ ಪವರ್ ಮ್ಯಾಕ್ ಜಿ5ರ 2.5 ಗಿಗಾಹರ್ಟ್ಸ್ ಯಂತ್ರಕ್ಕೆ ಕಾರ್ಖಾನೆಯಲ್ಲೇ ದ್ರವದ ಕೂಲಿಂಗ್ ಕೂರಿಸಿ ಮಾರಿತು. ನೋಡೋಕೆ ಅಚ್ಚುಕಟ್ಟು. ಆದರೆ ಮುಚ್ಚಿದ ವ್ಯವಸ್ಥೆ, ಬಳಸೋನಿಗೆ ಒಳಗೆ ಏನಾಗ್ತಿದೆ ಅಂತ ಕಾಣೋ ದಾರಿಯಿಲ್ಲ. ಕೆಲವು ವರ್ಷ ಕಳೆದ ಮೇಲೆ ಅವುಗಳಲ್ಲಿ ಹಲವು ಸೋರಿ, ಬೋರ್ಡು, ಪವರ್ ಸಪ್ಲೈ ಎಲ್ಲ ತಿಂದುಹಾಕಿದವು. ಅಪ್ಪನಿಗೆ ಇದನ್ನ ಹೇಳಿದಾಗ, "ಚೇಂಬರ್ ಮುಚ್ಚಿ ಮ್ಯಾಲ ಡಾಂಬರ್ ಹಾಕಿದಂಗ ಆತು" ಅಂದ್ರು. 2009ರಲ್ಲಿ ಕೋರ್ಸೇರ್ ಎಚ್50 ಬಂದ ಮೇಲೆ, ಅದರೊಳಗೆ ಅಸೆಟೆಕ್ ಅನ್ನೋ ಡೆನ್ಮಾರ್ಕ್ ಕಂಪನಿಯ ಕೆಲಸ, ಮುಚ್ಚಿದ ಲೂಪ್‌ಗಳು ಅಗ್ಗವಾಗಿ ಮನೆಮನೆಗೆ ಬಂದವು. ಅವು ಈಗ ಬಹಳ ಸುಧಾರಿಸಿವೆ, ಪ್ರೊಸೆಸರ್ ಒಂದಕ್ಕೇ ಆದರೆ ನಾನೂ ಅದನ್ನೇ ತಗೊಳ್ಳಿ ಅಂತೀನಿ. ನನ್ನ ತೊಂದರೆ ಗ್ರಾಫಿಕ್ಸ್ ಕಾರ್ಡ್.

ಇಲ್ಲಿ ನಮ್ಮ ಊರಿನ ಪ್ರಶ್ನೆ ಬರುತ್ತೆ. "ಹೈದರಾಬಾದಿನ ಮೇ ಬಿಸಿಲಲ್ಲಿ ನಲ್ಲಿ ನೀರೇ ಸುಡುತ್ತೆ, ಇಲ್ಲಿ ಎಂಥ ವಾಟರ್ ಕೂಲಿಂಗ್?" ಅಂತ ಆಫೀಸಿನಲ್ಲಿ ಎಲ್ಲರೂ ನಕ್ಕರು. ಅವರಿಗೆ ಉತ್ತರ ಮ್ಯೂನಿಕ್ ಹತ್ತಿರದ ಗಾರ್ಚಿಂಗ್‌ನಲ್ಲಿದೆ. ನಮ್ಮ ಚಾನೆಲ್ ನೋಡೋರಲ್ಲಿ ಅಲ್ಲಿರೋರೂ ಇದ್ದೀರಿ. ಅಲ್ಲಿನ ಲೈಬ್ನಿಟ್ಸ್ ಕೇಂದ್ರದಲ್ಲಿ 2012ರಲ್ಲಿ ಸೂಪರ್‌ಮುಕ್ ಅನ್ನೋ ಸೂಪರ್‌ಕಂಪ್ಯೂಟರ್ ಶುರುವಾಯ್ತು, ಮೂರು ಪೆಟಾಫ್ಲಾಪ್‌ನದ್ದು. ಅದಕ್ಕೆ ಹರಿಸಿದ್ದು ಬೆಚ್ಚನೆ ನೀರು. ಒಳಗೆ ಹೋಗುವಾಗಲೇ 45 ಡಿಗ್ರಿವರೆಗೂ ಇರಬಹುದಾದ ನೀರು! ಚಿಪ್ಪಿನ ಒಳಗೆ 70–80 ಡಿಗ್ರಿ ಇರುವಾಗ 45 ಡಿಗ್ರಿಯ ನೀರೂ ಅದಕ್ಕೆ ತಣ್ಣಗೇ. ನೀರನ್ನ ಚಿಲ್ಲರ್ ಹಾಕಿ ಕೊರೆಯೋ ಹಾಗೆ ಮಾಡಬೇಕಿಲ್ಲ, ಅದು ಸರಿಯಾಗಿ ಹರಿದು ಶಾಖವನ್ನ ಹೊರಗಿನ ಗಾಳಿಗೆ ಇಳಿಸಿದರೆ ಸಾಕು. ಐಐಟಿ ರೂರ್ಕಿಗೆ 2022ರಲ್ಲಿ ಬಂದ ಪರಮ್ ಗಂಗಾದಲ್ಲೂ ಚಿಪ್ಪಿನ ಬೆನ್ನಿಗೆ ನೇರ ದ್ರವ ಹರಿಸೋ ವಿಧಾನವೇ. ಅಂದ್ರೆ 1990ರ ದಶಕದಲ್ಲಿ ಕಿತ್ತ ಪೈಪನ್ನ ಮತ್ತೆ ಹಾಕಿದ್ದಾರೆ.

ಹಾಗಾದರೆ ನನ್ನ ಯೋಜನೆ. ಮೊದಲು ಲೆಕ್ಕ, ಅಪ್ಪ ಹೇಳಿದ ಹಾಗೆ ತುದಿಯಿಂದ ಶುರು.

ಕಾರ್ಡನ್ನ 450ರ ಬದಲು 300 ವ್ಯಾಟ್‌ಗೆ ಕಟ್ಟಿಹಾಕಿ ನೋಡಿದೆ, ನನ್ನ ರೆಂಡರ್ ಸ್ವಲ್ಪವೇ ನಿಧಾನವಾಯ್ತು. ಇದು ಬಿಟ್ಟಿ ಔಷಧಿ, ಯಾರೂ ನೀರಿಗೆ ದುಡ್ಡು ಹಾಕೋ ಮೊದಲು ಇದನ್ನ ಮಾಡಿ. ಪ್ರೊಸೆಸರ್ ಸೇರಿ ಒಟ್ಟು 500 ವ್ಯಾಟ್ ಅಂತ ಇಟ್ಟುಕೊಳ್ಳೋಣ. ನಿಮಿಷಕ್ಕೆ 4 ಲೀಟರ್ ನೀರು ಹರಿದರೆ, ಒಂದು ಸುತ್ತು ಬರೋದರಲ್ಲಿ ಅದು ಬಿಸಿಯಾಗೋದು ಬರೀ ಎರಡು ಡಿಗ್ರಿ. ಹಾಗಾಗಿ ಯಾವುದು ಮೊದಲು, ಪ್ರೊಸೆಸರ್ರಾ ಕಾರ್ಡಾ ಅನ್ನೋ ಜಗಳ ಬೇಕಿಲ್ಲ. ಪೈಪು ಎಲ್ಲಿ ನೇರ ಬರುತ್ತೋ ಹಾಗೆ ಹಾಕಿದರಾಯ್ತು.

ರೇಡಿಯೇಟರ್ ದೊಡ್ಡದಿರಬೇಕು. ನಿಧಾನ ತಿರುಗೋ ಫ್ಯಾನ್, ನೀರಿಗೂ ಗಾಳಿಗೂ 10 ಡಿಗ್ರಿ ಅಂತರ, ಇಷ್ಟಿದ್ದರೆ 120 ಮಿಲಿಮೀಟರಿನ ಒಂದು ಚೌಕಕ್ಕೆ ಸುಮಾರು 100 ವ್ಯಾಟ್ ಅನ್ನೋದು ಈ ಕಸುಬಿನವರ ಅಂದಾಜು. ನನಗೆ ಐದು ಚೌಕ ಸಾಕು, ಒಂಬತ್ತು ಹಾಕ್ತಿದ್ದೀನಿ. ದುಂದು ಅನ್ನಿಸಬಹುದು, ಆದರೆ ಮೌನ ಬರೋದು ಅಲ್ಲಿಂದಲೇ. ಫ್ಯಾನಿನ ವೇಗ ಅರ್ಧ ಮಾಡಿದರೆ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತೆ, ಅದೇ ಫ್ಯಾನುಗಳ ಸಂಖ್ಯೆ ಎರಡುಪಟ್ಟು ಮಾಡಿದರೆ ಏರೋದು 3 ಮಾತ್ರ. ಇದಕ್ಕಿಂತ ಲಾಭದ ವ್ಯಾಪಾರ ನಾನು ಕಂಡಿಲ್ಲ. ಇನ್ನೊಂದು, ನೀರಿನ ರಾಶಿ ಇರೋದರಿಂದ ರೆಂಡರ್ ಶುರುವಾದ ತಕ್ಷಣ ಫ್ಯಾನ್ ಎಗರಲ್ಲ. 1908ರ ಸೆಪ್ಟೆಂಬರ್‌ನಲ್ಲಿ ಮೂಸಿ ಪ್ರವಾಹ ಬಂದು ಈ ಊರು ಕೊಚ್ಚಿಹೋದ ಮೇಲೆ ನಮ್ಮ ವಿಶ್ವೇಶ್ವರಯ್ಯನವರನ್ನ ಕರೆಸಿದ್ದರಲ್ಲ, ಅವರು ಹೇಳಿದ್ದು ಊರಿನ ಮೇಲೆ, ನದಿಯ ದಾರಿಯಲ್ಲಿ ಜಲಾಶಯ ಕಟ್ಟಿ ಅಂತ. ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಹಾಗೆ ಬಂದವು. ಒಮ್ಮೆಗೇ ಬಂದದ್ದನ್ನ ಹಿಡಿದಿಟ್ಟು ನಿಧಾನ ಬಿಡೋದು. ಫ್ಯಾನಿನ ವೇಗವನ್ನ ಚಿಪ್ಪಿನ ಬಿಸಿಗೆ ಕಟ್ಟದೆ ನೀರಿನ ಬಿಸಿಗೆ ಕಟ್ಟಿದರೆ ಅದೇ ಆಗುತ್ತೆ. ಏರು-ಇಳಿತದ ಆ ಸದ್ದು, ಅಪ್ಪನನ್ನ ಎಬ್ಬಿಸ್ತಿದ್ದದ್ದು, ಇಲ್ಲಿ ಸಾಯುತ್ತೆ.

ಆದರೆ ಬಿಸಿ ಎಲ್ಲಿಗೆ ಹೊಂಟೈತಿ? ರೇಡಿಯೇಟರ್ ಕ್ಯಾಬಿನೆಟ್ ಒಳಗೇ ಇದ್ದರೆ 500 ವ್ಯಾಟ್ ಹಾಲ್‌ನಲ್ಲೇ ಉಳಿಯುತ್ತೆ. ಒಂದು ಟನ್ ಎಸಿಯ ಶಕ್ತಿ ಸುಮಾರು 3,500 ವ್ಯಾಟ್, ಅದರ ಏಳನೇ ಒಂದು ಪಾಲು ನನ್ನ ಯಂತ್ರಕ್ಕೇ ಹೋಯ್ತು. ಅಪ್ಪನಿಗೆ ಸದ್ದು ತಪ್ಪಿಸಿ ಸೆಕೆ ಕೊಟ್ಟ ಹಾಗಾಗುತ್ತೆ. ಹಾಗಾಗಿ ರೇಡಿಯೇಟರ್ ಹೊರಗೆ, ಬಟ್ಟೆ ಒಗೆಯೋ ಬಾಲ್ಕನಿಗೆ. ಅದು ಉತ್ತರಕ್ಕಿದೆ, ನೇರ ಬಿಸಿಲಿಲ್ಲ. ಬಾಡಿಗೆ ಮನೆ, ಗೋಡೆ ಕೊರೆಯೋ ಹಾಗಿಲ್ಲ, ಓನರ್ ಆಂಟಿಗೆ ಮೊಳೆ ಹೊಡೆಯೋದೇ ಇಷ್ಟವಿಲ್ಲ. ಜಾರುಕಿಟಕಿಯ ಒಂದು ಅಂಚಿಗೆ ಆರಿಂಚಿನ ಅಕ್ರಿಲಿಕ್ ಪಟ್ಟಿ ಕೂರಿಸಿ, ಅದರಲ್ಲಿ ಎರಡು ತೂತು. ಮನೆ ಬಿಡುವಾಗ ಪಟ್ಟಿ ತೆಗೆದರೆ ಮುಗೀತು. ಪಾರಿವಾಳದ ಕಾಟಕ್ಕೆ ಬಲೆ, ಈ ಊರಲ್ಲಿ ಅದಿಲ್ಲದೆ ಏನೂ ನಡೆಯಲ್ಲ. ಒಳಗೆ-ಹೊರಗೆ ಬಿಚ್ಚೋ ಜಾಗದಲ್ಲಿ ಕ್ವಿಕ್ ಡಿಸ್‌ಕನೆಕ್ಟ್, ಗ್ಯಾಸ್ ಸ್ಟವ್‌ನ ರೆಗ್ಯುಲೇಟರ್ ಹಾಗೆ ತೆಗೆದ ಕೂಡಲೇ ತಾನೇ ಮುಚ್ಚಿಕೊಳ್ಳುತ್ತೆ.

ರಾತ್ರಿ ಹೊರಗೆ 30 ಡಿಗ್ರಿ ಇದ್ದರೆ ನೀರು 40ರ ಆಸುಪಾಸು. ಮೇ ಮಧ್ಯಾಹ್ನ 42 ಇದ್ದರೆ ನೀರು 50 ದಾಟುತ್ತೆ. ಡಿ5 ಪಂಪಿಗೆ ಮಿತಿ 60. ಅದಕ್ಕೆ ನೀರಿಗೆ ಒಂದು ಸೆನ್ಸರ್, 53 ದಾಟಿದರೆ ಕೆಲಸ ತಾನೇ ನಿಲ್ಲೋ ಹಾಗೆ. ಕೂಲರ್ ಹಾಗೆ ರೇಡಿಯೇಟರ್ ಮೇಲೆ ನೀರು ಚಿಮುಕಿಸಿದರೆ ಇನ್ನೂ ಇಳಿಯುತ್ತಲ್ಲ ಅಂತ ಕುಮಟಗಿ ನೆನೆದು ಒಂದು ಕ್ಷಣ ಆಸೆಯಾಯ್ತು. ಬೋರ್‌ವೆಲ್ ನೀರಿನ ಬಿಳಿ ಪಾಚುಕಟ್ಟು ಬಕೆಟ್ಟಿನಲ್ಲೇ ಕಾಣುತ್ತೆ, ಒಂದು ಬೇಸಿಗೆಗೆ ರೇಡಿಯೇಟರ್ ಕಟ್ಟಿಹೋಗುತ್ತೆ. ಬಿಟ್ಟೆ.

ಟ್ಯೂಬ್ ಯಾವುದು? ಚಿತ್ರಗಳಲ್ಲಿ ಕಾಣೋ ಗಾಜಿನಂಥ ಗಟ್ಟಿ ಕೊಳವೆಗಳಲ್ಲಿ ಪಿಇಟಿಜಿ ಅನ್ನೋದು 60 ಡಿಗ್ರಿ ಹತ್ತಿರ ಮೆತ್ತಗಾಗುತ್ತೆ, ಈ ಊರಿಗೆ ಅದು ಬೇಡ. ಮೆತ್ತನೆ ಪಾರದರ್ಶಕ ಟ್ಯೂಬ್‌ಗಳಿಂದ ಕಾಲಕ್ರಮೇಣ ಜಿಡ್ಡು ಬಿಟ್ಟುಕೊಂಡು ಬ್ಲಾಕ್‌ಗೆ ಅಂಟುತ್ತೆ. ನಾನು ಆರಿಸಿದ್ದು ಕಪ್ಪು ಇಪಿಡಿಎಂ ರಬ್ಬರ್. ಫೋಟೋದಲ್ಲಿ ಮಿಂಚಲ್ಲ, ಆದರೆ ಕಪ್ಪು ಕ್ಯಾಬಿನೆಟ್ಟಿನಲ್ಲಿ ಅದರ ಬಾಗು ನೋಡೋಕೆ ಘನವಾಗಿರುತ್ತೆ. ಲೋಹ ಎಲ್ಲ ತಾಮ್ರ ಮತ್ತು ಹಿತ್ತಾಳೆ ಬಳಗದ್ದೇ. ತಾಮ್ರದ ಬ್ಲಾಕ್, ಅಲ್ಯೂಮಿನಿಯಂ ರೇಡಿಯೇಟರ್ ಒಂದೇ ನೀರಿನಲ್ಲಿ ಕೂಡಿದರೆ ಅದು ಬ್ಯಾಟರಿಯ ಹಾಗೆ ಆಗಿ ಅಲ್ಯೂಮಿನಿಯಂ ತಿಂದುಹೋಗುತ್ತೆ. ಅಗ್ಗದ ಕಿಟ್ ಕೊಳ್ಳುವಾಗ ಮೊದಲು ಕೇಳಬೇಕಾದದ್ದು ಇದೇ. ದ್ರವ ಬಣ್ಣ ಇಲ್ಲದ್ದು, ತುಕ್ಕು ಮತ್ತು ಪಾಚಿ ತಡೆಯೋ ಮದ್ದು ಬೆರೆಸಿದ್ದು. ಹಾಲಿನ ಬಣ್ಣದ, ಮುತ್ತಿನ ಬಣ್ಣದ ದ್ರವಗಳು ಬಹಳ ಚೆಂದ, ಆದರೆ ಅದರ ಪುಡಿ ಬ್ಲಾಕ್‌ನ ಕೂದಲೆಳೆಯಂಥ ಸಂದುಗಳಲ್ಲಿ ಹೂಳಿನ ಹಾಗೆ ಕೂರುತ್ತೆ.

ಇಡೀ ಜೋಡಣೆಯಲ್ಲಿ ಕಾಣೋದಕ್ಕೆ ಅಂತ ನಾನು ಬಿಟ್ಟಿರೋದು ಒಂದೇ, ಗಾಜಿನ ರಿಸರ್ವಾಯರ್. ಅದರ ಹಿಂದೆ ಒಂದೇ ಒಂದು ಹಳದಿ ದೀಪ. ಅದು ಅಪ್ಪನ ಮಂಚದ ಕಡೆ ಮುಖ ಮಾಡಿರುತ್ತೆ. ಅವರೇ ಕೇಳಿದ್ದು, ಮಟ್ಟ ನೋಡಬೇಕಂತೆ.

ಇದೆಲ್ಲದರ ಖರ್ಚು ಒಂದು ಸ್ಕೂಟರ್ ಬೆಲೆಯ ಹತ್ತಿರ ಬರುತ್ತೆ. ಹೆಂಡತಿ ಕೇಳಿದಳು, ಅಪ್ಪನಿಗೆ ಬೇರೆ ಕೋಣೆ ಇರೋ ಮನೆ ನೋಡೋದು ವಾಸಿ ಅಲ್ವಾ ಅಂತ. ಅವಳ ಮಾತು ತಳ್ಳಿಹಾಕೋ ಹಾಗಿಲ್ಲ. ಕಾಚಿಗೂಡ, ಬರ್ಕತ್‌ಪುರ ಎಲ್ಲ ಕಡೆ ಮೂರು ಕೋಣೆ ಮನೆ ನೋಡಿಬಂದೆವು. ಬಾಡಿಗೆಯ ವ್ಯತ್ಯಾಸ ಒಂದು ವರ್ಷಕ್ಕೇ ಸ್ಕೂಟರ್ ದಾಟುತ್ತೆ. ಜೊತೆಗೆ ಅಪ್ಪ ಬೆಳಿಗ್ಗೆ ನಡೆಯೋಕೆ ಹೋಗೋದು ಇಲ್ಲಿನ ಮೇಲುಕೋಟೆ ಪಾರ್ಕ್‌ಗೆ. ಹೈದರಾಬಾದ್ ರಾಜ್ಯದ ಹಣಕಾಸು ಮಂತ್ರಿಯಾಗಿದ್ದ, 1957ರಲ್ಲಿ ರಾಯಚೂರಿನಿಂದ ಲೋಕಸಭೆಗೆ ಹೋದ ಡಾಕ್ಟರ್ ಜಿ. ಎಸ್. ಮೇಲುಕೋಟೆಯವರ ಹೆಸರಿನದ್ದು. ಅಲ್ಲಿ ಅವರಿಗೆ ಕಲಬುರಗಿ, ಬೀದರ ಕಡೆಯ ನಾಲ್ಕು ಜನ ಮಾತಿಗೆ ಸಿಕ್ಕಿದ್ದಾರೆ. ಅದನ್ನ ಬಿಟ್ಟು ಬೇರೆ ಏರಿಯಾಗೆ ಬರೋಕೆ ಅವರೇ ಒಲ್ಲೆ ಅಂದ್ರು.

ಜೋಡಣೆಗೆ ಅಪ್ಪನ ಷರತ್ತು ಎರಡು. ಅತಿ ಎತ್ತರದ ಬಿಂದುವಿನಲ್ಲಿ ಗಾಳಿ ಬಿಡೋ ಬಾಯಿ, ಅತಿ ತಗ್ಗಿನ ಬಿಂದುವಿನಲ್ಲಿ ನೀರು ಖಾಲಿ ಮಾಡೋ ವಾಲ್ವು. ಕಾಗದದ ಮೇಲೆ ನಾನು ಬರೆದ ನಕ್ಷೆಯಲ್ಲಿ ಎರಡನೆಯದು ಎಲ್ಲಿ ಬರಬೇಕು ಅಂತ ಅವರೇ ಕೆಂಪು ಪೆನ್ನಿನಲ್ಲಿ ಗುರುತು ಹಾಕಿದ್ದಾರೆ. ನೀರು ತುಂಬೋ ಮೊದಲು ಸಣ್ಣ ಕೈಪಂಪಿನಿಂದ ಗಾಳಿ ತುಂಬಿ, ಗೇಜಿನ ಮುಳ್ಳು ಅರ್ಧ ಗಂಟೆ ಅಲುಗದೆ ನಿಲ್ಲಬೇಕು, ಆಮೇಲೇ ನೀರು. ವರ್ಷಕ್ಕೊಮ್ಮೆ ಖಾಲಿ ಮಾಡಿ ತೊಳೆಯೋದು ಯುಗಾದಿ ಆಸುಪಾಸು, ಬೇಸಿಗೆ ಬಲಿಯೋ ಮುಂಚೆ.

ಬ್ಲಾಕ್ ಮತ್ತು ರೇಡಿಯೇಟರ್ ಬಂದಿವೆ, ಪಂಪ್ ಬರೋದಿದೆ. ಈ ಮಾತನ್ನ ರೆಕಾರ್ಡ್ ಮಾಡಿದ್ದು ಹಳೆಯ ಫ್ಯಾನುಗಳ ಜೊತೆಯಲ್ಲೇ, ವಿಡಿಯೋದ ಹಿನ್ನೆಲೆಯಲ್ಲಿ ನಿಮಗೆ ಕೇಳಿಸಿರುತ್ತೆ. ಜೋಡಿಸಿದ ಮೇಲೆ ಮೈಕನ್ನ ಇದೇ ಜಾಗದಲ್ಲಿ ಇಟ್ಟು, ಇದೇ ರೆಂಡರ್ ಓಡಿಸಿ, ಐದು ನಿಮಿಷ ಏನೂ ಮಾತಾಡದೆ ರೆಕಾರ್ಡ್ ಮಾಡಿ ಹಾಕ್ತೀನಿ. ಅಪ್ಪನ ಗೊರಕೆ ಅದರಲ್ಲಿ ಸೇರಿಕೊಂಡರೆ ಕ್ಷಮಿಸಿ.